ಸಹಾಯ ಬೇಕು: ರೈಜನ್ 7 5700ಎಕ್ಸ್‌ಗೆ ಯಾವ ಏರ್ ಕೂಲರ್?

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರ್‌ನ ಎಎಂ4 ಮದರ್‌ಬೋರ್ಡ್‌ಗೆ ಎಎಂಡಿಯ ರೈಜನ್ 7 5700ಎಕ್ಸ್ ಪ್ರೊಸೆಸರ್ ತಗೊಂಡಿದ್ದೇನೆ. ಇದರ ಡಬ್ಬಿಯಲ್ಲಿ ಚಿಪ್ ತಣಿಸುವ ಕೂಲರ್ ಬರುವುದಿಲ್ಲ, ಬೇರೆ ತಗೊಳ್ಳಲೇಬೇಕು. ನಾನಿರುವುದು ಕಲಬುರಗಿಯಲ್ಲಿ. ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ, ರೂಮಿನಲ್ಲಿ ಎಸಿ ಇಲ್ಲ. ಕೂಲರ್ ಎಷ್ಟೇ ಒಳ್ಳೆಯದಿದ್ದರೂ ರೂಮಿನ ಗಾಳಿಗಿಂತ ತಣ್ಣಗೆ ಮಾಡಲಾರದು, ಅಲ್ವಾ? ಅದಕ್ಕೇ ಬೆಂಗಳೂರಿನವರು ಹಾಕುವ ಟೆಂಪರೇಚರ್ ನಂಬಲು ಧೈರ್ಯ ಸಾಲುತ್ತಿಲ್ಲ.

ಚಿಪ್ಪಿನ ಟಿಡಿಪಿ (ಕಂಪನಿ ಹೇಳುವ ಶಾಖದ ಅಂದಾಜು) 65 ವ್ಯಾಟ್. ಪೂರ್ತಿ ಲೋಡ್‌ನಲ್ಲಿ 76 ವ್ಯಾಟ್ ತನಕ ಎಳೆಯುತ್ತದೆ, ಮಿತಿ 90 ಡಿಗ್ರಿ. ಕೆಲಸ ಬ್ಲೆಂಡರ್ (3ಡಿ ಸಾಫ್ಟ್‌ವೇರ್) ರೆಂಡರಿಂಗ್, ಗಂಟೆಗಟ್ಟಲೆ ಓಡುತ್ತದೆ. ಓವರ್‌ಕ್ಲಾಕ್ (ನಿಗದಿಗಿಂತ ಹೆಚ್ಚು ವೇಗಕ್ಕೆ ಏರಿಸುವುದು) ಮಾಡುವುದಿಲ್ಲ.

ಎರಡು ಕಣ್ಣಿಗೆ ಬಿದ್ದಿವೆ. ಒಂದು ಡೀಪ್‌ಕೂಲ್ ಎಕೆ400: ನಾಲ್ಕು ಹೀಟ್ ಪೈಪ್ (ಶಾಖ ಸಾಗಿಸುವ ಕೊಳವೆ), ಒಂದು ಫ್ಯಾನ್. ಇನ್ನೊಂದು ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ: ಆರು ಪೈಪ್, ಎರಡು ಫ್ಯಾನ್. ಎರಡರ ಎತ್ತರವೂ 155 ಮಿ.ಮೀ. ನನ್ನ ಕ್ಯಾಬಿನೆಟ್‌ನಲ್ಲಿ 160 ಮಿ.ಮೀ. ತನಕ ಜಾಗವಿದೆ. ತಲೆನೋವು ರ‍್ಯಾಮ್‌ದು. ನನ್ನದು ಬಣ್ಣದ ದೀಪವಿರುವ ಎತ್ತರದ ಆರ್‌ಜಿಬಿ ಸ್ಟಿಕ್, ಫ್ಯಾನ್‌ಗೆ ತಾಗಬಹುದು. ಥರ್ಮಲ್‌ರೈಟ್‌ನ ಮುಂದಿನ ಫ್ಯಾನ್ ಮೇಲಕ್ಕೆ ಸರಿಸಿ ಕ್ಲಿಪ್ ಹಾಕಿದರೆ ಸೈಡ್ ಪ್ಯಾನೆಲ್ ಮುಚ್ಚುತ್ತದಾ?

ನನಗೇನೋ 76 ವ್ಯಾಟ್‌ಗೆ ಎಕೆ400 ಸಾಕು ಅನ್ನಿಸುತ್ತದೆ. ದೊಡ್ಡದಾದರೆ ಫ್ಯಾನ್ ನಿಧಾನ ತಿರುಗುತ್ತದೆ, ಸದ್ದು ಕಡಿಮೆ ಅಂತಾರೆ. ಆ ವ್ಯತ್ಯಾಸ ಕಿವಿಗೆ ನಿಜಕ್ಕೂ ಗೊತ್ತಾಗುತ್ತದಾ, ಸುಮ್ನೆ ಹೇಳುವುದಾ? ರಾಯಚೂರು, ಬಳ್ಳಾರಿ, ವಿಜಯಪುರ ಕಡೆ ಇವೆರಡರಲ್ಲಿ ಒಂದನ್ನು ಬಳಸುವವರಿದ್ದರೆ ಬೇಸಿಗೆಯ ಲೋಡ್ ಟೆಂಪರೇಚರ್ ಹೇಳಿ. ನಮ್ಮಲ್ಲಿ ಧೂಳೂ ಜಾಸ್ತಿ. ಎಷ್ಟು ತಿಂಗಳಿಗೊಮ್ಮೆ ಫ್ಯಾನ್ ಬಿಚ್ಚಿ ಧೂಳು ತೆಗೆಯುತ್ತೀರಿ ಅಂತಲೂ ತಿಳಿಸಿ. ಲಿಕ್ವಿಡ್ ಕೂಲರ್ ಸಲಹೆ ಮಾತ್ರ ಬೇಡ, ದಯವಿಟ್ಟು.