ಬಾದಾಮಿ ಪ್ರವಾಸ: ಕಿರಾಣಿ ಸಾಮಾನು ವಿಜಯಪುರದಿಂದಲೇ ಒಯ್ಯಬೇಕೆ, ಅಲ್ಲಿಗೆ ಹೋಗಿ ಕೊಳ್ಳಬೇಕೆ?

ಪ್ರಶ್ನೆ (ವಿಜಯಪುರದಿಂದ)

ಎಲ್ಲರಿಗೂ ನಮಸ್ಕಾರ. ಮಕ್ಕಳ ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್ ಕೊನೆಯ ವಾರದಲ್ಲಿ, ನಾವು ಕಾರಿನಲ್ಲಿ ಬಾದಾಮಿಗೆ ಹೋಗಿ 4 ರಾತ್ರಿ ಉಳಿಯಲಿದ್ದೇವೆ. ಬೆಳಗಾವಿಯಿಂದ ನನ್ನ ತಮ್ಮನ ಕುಟುಂಬವೂ ಬಂದು ಸೇರುವುದರಿಂದ ಒಟ್ಟು 8 ಜನರಾಗುತ್ತೇವೆ. ಬಾಡಿಗೆಗೆ ಹಿಡಿದಿರುವ ಮನೆಯಲ್ಲಿ ಗ್ಯಾಸ್ ಒಲೆ, ಕುಕ್ಕರ್ ಮತ್ತು ಒಂದು ಸಣ್ಣ ಫ್ರಿಜ್ ಇವೆ. ಅತ್ತೆಯವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಮೂರು ಹೊತ್ತೂ ಹೋಟೆಲ್ ಊಟ ಆಗುವುದಿಲ್ಲ. ಬೆಳಗಿನ ಉಪಾಹಾರವನ್ನೂ ರಾತ್ರಿಯ ಊಟವನ್ನೂ ಮನೆಯಲ್ಲಿಯೇ ಮಾಡಿಕೊಳ್ಳಬೇಕೆಂದಿದ್ದೇವೆ.

ಉಪ್ಪಿನಿಂದ ಹಿಡಿದು ಕೊತ್ತಂಬರಿಯವರೆಗೆ ಎಲ್ಲವನ್ನೂ ಇಲ್ಲಿಂದಲೇ ತುಂಬಿಕೊಂಡು ಹೋಗೋಣ ಎಂಬುದು ನಮ್ಮ ಮನೆಯವರ ಅಭಿಪ್ರಾಯ. ಹೋದ ವರ್ಷ ಹಾಗೆಯೇ ಮಾಡಿದ್ದೆವು. ಡಿಕ್ಕಿಯಲ್ಲಿ ಎಣ್ಣೆಯ ಪಾಕೀಟು ಒಡೆದು ಜೋಳದ ಹಿಟ್ಟಿನ ಚೀಲಕ್ಕೆ ಇಳಿಯಿತು. ಮೆಂತ್ಯ ಸೊಪ್ಪು ಬಿಸಿಲಿಗೆ ಬೆಂದು, ಕಟ್ಟು ಬಿಚ್ಚುವಷ್ಟರಲ್ಲಿ ಒಳಗಿನ ಎಲೆಗಳೆಲ್ಲ ಕಪ್ಪಾಗಿದ್ದವು. ಆದರೆ ಅಪರಿಚಿತ ಊರಿಗೆ ದಣಿದು ಹೋಗಿ, ಮಕ್ಕಳನ್ನು ಕಾರಿನಲ್ಲಿ ಕೂರಿಸಿ ಅಂಗಡಿ ಹುಡುಕುವುದೂ ಕಷ್ಟವೇ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1 (ಬಾಗಲಕೋಟೆ, ನವನಗರದಿಂದ)

ಅಕ್ಕನವರೇ, ತಾವು ಬರುವ ದಾರಿ ಸುಮಾರು 120 ಕಿಲೋಮೀಟರ್ ಮಾತ್ರ, ಆ ದಾರಿಯಲ್ಲಿಯೇ ಬಾಗಲಕೋಟೆ ಸಿಗುತ್ತದೆ. ಆದ್ದರಿಂದ ಮನೆ ಅಥವಾ ಬಾದಾಮಿ ಎಂದು ಎರಡೇ ಆಯ್ಕೆ ಇಟ್ಟುಕೊಳ್ಳುವ ಅಗತ್ಯವಿಲ್ಲ. ಅಕ್ಕಿ, ಬೇಳೆ, ಎಣ್ಣೆ, ರವೆ, ಸಕ್ಕರೆಗಳನ್ನು ನವನಗರದಲ್ಲಿ ಒಂದೇ ಅಂಗಡಿಯಲ್ಲಿ ಅರ್ಧ ಗಂಟೆಯೊಳಗೆ ಕೊಂಡುಕೊಳ್ಳಬಹುದು. ಇಲ್ಲಿಯ ರಸ್ತೆಗಳು ಅಗಲವಾಗಿರುವುದರಿಂದ ಕಾರು ನಿಲ್ಲಿಸಲು ತೊಂದರೆಯಿಲ್ಲ. ರಾತ್ರಿಯ ಊಟ ಮಾತ್ರ ಎಂದಾದರೆ 8 ಜನರಿಗೆ ಎರಡೂವರೆ ಕಿಲೋ ಅಕ್ಕಿ ಮತ್ತು ಒಂದು ಕಿಲೋಗೆ ತುಸು ಹೆಚ್ಚು ತೊಗರಿಬೇಳೆ ಸಾಕು.

ಜೋಳದ ಹಿಟ್ಟನ್ನು ಮಾತ್ರ ಮನೆಯಿಂದಲೇ ತನ್ನಿ ಎಂದು ಒತ್ತಿ ಹೇಳುತ್ತೇನೆ. ಅಂಗಡಿಯಲ್ಲಿ ಪಾಕೀಟಿನಲ್ಲಿ ಸಿಗುವ ಹಿಟ್ಟು ಯಾವಾಗ ಬೀಸಿದ್ದೆಂದು ಗೊತ್ತಾಗುವುದಿಲ್ಲ. ಹಳೆಯದಾದರೆ ಜಿಗಿ ಹೋಗಿ, ಎಷ್ಟೇ ಕುದಿನೀರು ಹಾಕಿ ನಾದಿದರೂ ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ. ಹೊರಡುವ ಹಿಂದಿನ ದಿನ ತಮ್ಮ ಗಿರಣಿಯಲ್ಲಿ ಬಿಳಿಜೋಳ ಬೀಸಿಸಿ, ಪೂರ್ತಿ ಆರಿದ ಮೇಲೆ ಸ್ಟೀಲ್ ಡಬ್ಬಿಗೆ ತುಂಬಿರಿ. ಬಿಸಿಯಾಗಿರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಹಿಟ್ಟು ಗಂಟುಗಟ್ಟುತ್ತದೆ. ಕಿಲೋ ಹಿಟ್ಟಿಗೆ 12ರಿಂದ 14 ರೊಟ್ಟಿ ಆಗುತ್ತವೆ, ಆ ಲೆಕ್ಕದಲ್ಲಿ 5 ಕಿಲೋ ಬೇಕಾಗಬಹುದು. ಕಾರಿನ ಜಾಗ ಇಂಥದ್ದಕ್ಕೆ ಮೀಸಲಿರಲಿ.

ಉತ್ತರ 2 (ಬೆಳಗಾವಿಯಿಂದ)

ಮೇಲಿನ ಸಲಹೆ ಸರಿಯಾಗಿದೆ, ಆದರೆ ಮೊದಲ ರಾತ್ರಿಯ ಊಟವನ್ನು ಯಾವ ಅಂಗಡಿಯ ಮೇಲೂ ಬಿಡಬೇಡಿ. ಒಂದು ಮಳೆಗಾಲದಲ್ಲಿ ನಾವು ಜಾಂಬೋಟಿಯ ಕಡೆ ಕಾಡಿನಂಚಿನ ಮನೆಯೊಂದರಲ್ಲಿ ಉಳಿಯಲು ಹೋದಾಗ, ಬೆಳಗಾವಿಯಿಂದ ಇಷ್ಟೇ ದೂರವಲ್ಲವೇ ಎಂದು ಏನನ್ನೂ ಒಯ್ದಿರಲಿಲ್ಲ. ದಾರಿಯಲ್ಲಿ ತಡವಾಗಿ, ತಲುಪುವಾಗ ಕತ್ತಲಾಗಿ, ಅಂಗಡಿಗಳು ಬಾಗಿಲು ಹಾಕಿದ್ದವು. ಆ ರಾತ್ರಿ ಮಕ್ಕಳು ಬಿಸ್ಕತ್ತು ತಿಂದು ಮಲಗಿದ್ದು ಇಂದಿಗೂ ನನ್ನನ್ನು ನೋಯಿಸುತ್ತದೆ. ಬಾದಾಮಿ ತಾಲ್ಲೂಕು ಕೇಂದ್ರ, ಅಲ್ಲಿ ಅಷ್ಟು ಕಷ್ಟವಾಗಲಾರದು. ಆದರೂ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇವು ಕೈಚೀಲದಲ್ಲಿ ಇರಲಿ. ಇವಕ್ಕೆ ಬಿಸಿಲಿನ ಭಯವಿಲ್ಲ, ಅತ್ತೆಯವರು ಹಸಿದು ಕಾಯಬೇಕಾಗಿಯೂ ಬರುವುದಿಲ್ಲ.

ಇನ್ನೊಂದು ಮಾತು. ಮನೆಯ ಮಾಲೀಕರಿಗೆ ಹಿಂದಿನ ದಿನವೇ ಫೋನ್ ಮಾಡಿ ಫ್ರಿಜ್ ಚಾಲೂ ಮಾಡಿಡಲು ಹೇಳಿ. ಬಂದ್ ಇದ್ದ ಫ್ರಿಜ್ ತಣ್ಣಗಾಗಲು ಹಲವು ಗಂಟೆ ಬೇಕು, ಅಷ್ಟರಲ್ಲಿ ಹಾಲು ಕೆಟ್ಟಿರುತ್ತದೆ. ಮೊದಲ ದಿನದ ಚಹಾಕ್ಕೆ ನಂದಿನಿಯ ಟೆಟ್ರಾ ಪ್ಯಾಕ್ ಹಾಲು ಒಯ್ಯಿರಿ. ಪ್ಯಾಕ್ ತೆರೆಯುವವರೆಗೆ ಅದಕ್ಕೆ ಫ್ರಿಜ್ ಬೇಕಿಲ್ಲ.

ಉತ್ತರ 3 (ಬಾದಾಮಿಯಿಂದ)

ನಮ್ಮ ಊರಿಗೆ ಕಾಯಿಪಲ್ಲೆ ಹೊತ್ತು ತರಬೇಡಿ. ಏಪ್ರಿಲ್‌ನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಮುಚ್ಚಿದ ಡಿಕ್ಕಿಯೊಳಗಿನ ಶಾಖ ಅದಕ್ಕಿಂತಲೂ ಹೆಚ್ಚು. ಬೆಳಿಗ್ಗೆ ಬೇಗ ಪೇಟೆಗೆ ಹೋದರೆ ಸುತ್ತಲಿನ ಹಳ್ಳಿಗಳಿಂದ ಬಂದ ಸೊಪ್ಪು, ಬದನೆಕಾಯಿ ಎಲ್ಲವೂ ಸಿಗುತ್ತವೆ. ದಿನದಿನಕ್ಕೆ ಬೇಕಾದಷ್ಟನ್ನೇ ಕೊಳ್ಳಿರಿ. ಪುಷ್ಯ ಮಾಸದಲ್ಲಿ ಬನಶಂಕರಿಗೆ 108 ಬಗೆಯ ಪಲ್ಯದ ನೈವೇದ್ಯ ಮಾಡುವ ಸೀಮೆ ಇದು, ತರಕಾರಿಗೆ ಇಲ್ಲಿ ಕೊರತೆಯೆಂದು ತಾವು ಭಾವಿಸಬಾರದು. ಬನಶಂಕರಿಗೆ ಹೋದ ದಿನ ಅಡುಗೆಯನ್ನೂ ಮಾಡಬೇಡಿ. ಗುಡಿಯ ಹತ್ತಿರ ತಾಯಂದಿರು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಪುಟ್ಟ ಗಡಿಗೆಯಲ್ಲಿ ಕೆನೆಮೊಸರು ಇಟ್ಟುಕೊಂಡು ಕುಳಿತಿರುತ್ತಾರೆ.

ಕಪಿಗಳ ಬಗ್ಗೆ ಎಚ್ಚರವಿರಲಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಅವು ಕಸಿದುಕೊಳ್ಳುತ್ತವೆ. ಆದ್ದರಿಂದ ಪೇಟೆಯಿಂದ ನೇರವಾಗಿ ಗುಹೆಗಳ ಕಡೆಗೆ ಹೋಗದೆ, ಕೊಂಡದ್ದನ್ನು ಮೊದಲು ಮನೆಗೆ ಮುಟ್ಟಿಸಿರಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಹಿಟ್ಟು, ಕಡಕ್ ರೊಟ್ಟಿ, ಚಟ್ನಿ, ಅತ್ತೆಯವರ ಔಷಧಿಗಳನ್ನು ಇಲ್ಲಿಂದ ಒಯ್ಯುತ್ತೇವೆ, ಉಳಿದ ಕಿರಾಣಿಯನ್ನು ನವನಗರದಲ್ಲಿ ಕೊಳ್ಳುತ್ತೇವೆ. ಎಣ್ಣೆಯನ್ನು ಈ ಸಲ ಪಾಕೀಟಿನ ಬದಲು ಬಿಗಿಯಾದ ಮುಚ್ಚಳದ ಕ್ಯಾನ್‌ನಲ್ಲಿಯೇ ತೆಗೆದುಕೊಂಡು, ಬಕೆಟ್ಟಿನೊಳಗೆ ನೆಟ್ಟಗೆ ನಿಲ್ಲಿಸುತ್ತೇನೆ. ದಾರಿಯಲ್ಲಿ ಕೊಲ್ಹಾರದ ಗಡಿಗೆ ಮೊಸರು ಕೊಳ್ಳುವ ಆಸೆ ಮಕ್ಕಳಿಗಿದೆ. ಅದನ್ನು ಚೆಲ್ಲದಂತೆ ಬಾದಾಮಿ ಮುಟ್ಟಿಸುವುದು ಹೇಗೆ?

ಉತ್ತರ 1 (ಬಾಗಲಕೋಟೆ, ನವನಗರದಿಂದ)

ಹಳೆಯ ಟವೆಲ್ಲನ್ನು ಸಿಂಬಿ ಸುತ್ತಿ ಹಿಂದಿನ ಸೀಟಿನ ಕಾಲಬುಡದಲ್ಲಿಟ್ಟು, ಅದರ ಮೇಲೆ ಗಡಿಗೆಯನ್ನು ಕೂರಿಸಿ, ಬಾಯಿಗೆ ಒದ್ದೆ ಬಟ್ಟೆ ಕಟ್ಟಿರಿ. ಗಡಿಗೆ ನೀರನ್ನು ಹೀರಿಕೊಂಡಿರುವುದರಿಂದ ಮೊಸರು ಗಟ್ಟಿಯಾಗಿಯೇ ಇರುತ್ತದೆ, ಸುಲಭವಾಗಿ ಚೆಲ್ಲುವುದಿಲ್ಲ. ಆದರೆ ಬಿಸಿಲಿಗೆ ಬೇಗ ಹುಳಿಯಾಗುತ್ತದೆ, ಆದ್ದರಿಂದ ನವನಗರದಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ. ಕೊಳ್ಳಬೇಕಾದ ಕಿರಾಣಿಯ ಚೀಟಿಯನ್ನು ಮನೆಯಲ್ಲಿಯೇ ಬರೆದುಕೊಂಡು ಬನ್ನಿ.