ಶನಿಯ ಎರಡು ಚಂದ್ರ ಒಂದೇ ದಾರಿಯಲ್ಲಿ, ಡಿಕ್ಕಿ ಯಾಕಾಗಲ್ಲ?

ಮಾಳಿಗೆಮನೆ:
ನಿನ್ನೆ ರಾತ್ರಿ ಮಗಳ ಜೊತೆ ಶನಿಯ ಚಂದ್ರಗಳ ಪಟ್ಟಿ ನೋಡುತ್ತಾ ಕೂತಿದ್ದೆ. ಡಯೋನಿ, ಹೆಲೆನ್ ಎರಡಕ್ಕೂ ದೂರ ಒಂದೇ, ಸುಮಾರು 3,77,000 ಕಿ.ಮೀ. ಒಂದು ಸುತ್ತಿಗೆ ಹಿಡಿಯುವ ಸಮಯವೂ ಒಂದೇ, 2.7 ದಿನ. ಮೊದಲು ಅಚ್ಚಿನ ತಪ್ಪು ಅಂದುಕೊಂಡೆ. ಡಯೋನಿಯ ಅಡ್ಡಳತೆ 1,120 ಕಿ.ಮೀ., ಹೆಲೆನ್ ಬರೀ 35. ಅಷ್ಟು ದೊಡ್ಡದು ಬೆನ್ನ ಹಿಂದೆಯೇ ಬರುತ್ತಿದ್ದರೆ ಇದನ್ನು ಎಳೆದು ನುಂಗಬೇಕಿತ್ತು ಅಲ್ವಾ? ಮಗಳು "ಚಿಕ್ಕದು ಜೋರಾಗಿ ಓಡುತ್ತೆ" ಅಂತಾಳೆ. ನಾನು ಸುಮ್ನೆ ತಲೆ ಆಡಿಸಿದೆ.

ದೂರದರ್ಶಕ:
ತಲೆ ಆಡಿಸಿದ್ದನ್ನು ವಾಪಸ್ ತಗೊಳ್ಳಿ. ಕಕ್ಷೆಯಲ್ಲಿನ ವೇಗ ಚಂದ್ರನ ತೂಕ ನೋಡುವುದಿಲ್ಲ, ಶನಿಯಿಂದ ಎಷ್ಟು ದೂರ ಅನ್ನುವುದನ್ನಷ್ಟೇ ನೋಡುತ್ತದೆ. ಇನ್ನು "ಬೆನ್ನ ಹಿಂದೆ" ಅಂದಿರಲ್ಲ, ಹೆಲೆನ್ 60 ಡಿಗ್ರಿ ಮುಂದಿದೆ. ಶನಿ, ಡಯೋನಿ, ಹೆಲೆನ್ ಸೇರಿಸಿ ಗೆರೆ ಎಳೆದರೆ ಸಮಬಾಹು ತ್ರಿಭುಜ, ಅಂದರೆ ಅವೆರಡರ ನಡುವೆಯೂ 3,77,000 ಕಿ.ಮೀ., ಹೆಚ್ಚುಕಮ್ಮಿ ನಮಗೂ ನಮ್ಮ ಚಂದ್ರನಿಗೂ ಇರುವಷ್ಟು.

ಮಜಾ ಇರುವುದು ಇಲ್ಲಿ. ಹೆಲೆನ್ ಸ್ವಲ್ಪ ಹಿಂದೆ ಬಿದ್ದು ಡಯೋನಿಯ ಹತ್ತಿರ ಸರಿಯಿತು ಅನ್ನಿ. ಡಯೋನಿ ಅದನ್ನು ಹಿಂದಕ್ಕೆ ಜಗ್ಗುತ್ತದೆ, ಜಗ್ಗಿದ್ದಕ್ಕೆ ಅದು ಶನಿಯ ಕಡೆಗೆ ಒಂದಿಷ್ಟು ಇಳಿಯುತ್ತದೆ, ಒಳಗಿನ ದಾರಿ ಚಿಕ್ಕದು ಮತ್ತು ಅಲ್ಲಿ ವೇಗ ಜಾಸ್ತಿ, ಹಾಗಾಗಿ ಮತ್ತೆ ಮುಂದಕ್ಕೆ ಓಡಿಬಿಡುತ್ತದೆ. ತನ್ನ ಕಡೆಗೆ ಎಳೆದುಕೊಳ್ಳಲು ಹೋಗಿಯೇ ಡಯೋನಿ ಅದನ್ನು ದೂರ ಕಳಿಸುತ್ತದೆ! ತೀರಾ ಮುಂದೆ ಹೋದರೆ ಇದರ ಉಲ್ಟಾ. ಈ ಜಾಗಗಳ ಲೆಕ್ಕವನ್ನು ಲಗ್ರಾಂಜ್ 1772ರಲ್ಲೇ ಹಾಕಿದ್ದ, ಹೆಲೆನ್ ಕಣ್ಣಿಗೆ ಬಿದ್ದಿದ್ದು 1980ರಲ್ಲಿ.

ಉಂಗುರ_77:
ಜಾನಸ್, ಎಪಿಮೀಥಿಯಸ್ ಕೂಡ ಹೀಗೇ ಅಲ್ವಾ? ಅವೂ ಶನಿಯವೇ.

ದೂರದರ್ಶಕ:
ಪೂರ್ತಿ ಹೀಗಲ್ಲ. ಅಲ್ಲಿ ಎರಡು ಕಕ್ಷೆಗಳಿವೆ, ನಡುವೆ 50 ಕಿ.ಮೀ. ಅಂತರ ಅಷ್ಟೇ. ಒಳಗಿನದು ನಿಧಾನವಾಗಿ ಹೊರಗಿನದನ್ನು ಹಿಡಿಯಲು ಬರುತ್ತದೆ, ಹತ್ತಿರ ಬಂದಾಗ ಎರಡೂ ದಾರಿ ಅದಲು ಬದಲು ಮಾಡಿಕೊಳ್ಳುತ್ತವೆ. ನಾಲ್ಕು ವರ್ಷಕ್ಕೊಮ್ಮೆ ಇದೇ ಆಟ. ಅಲ್ಲಿ ದೊಡ್ಡವನು ಕೂಡ ಜಾಗ ಬಿಡಬೇಕು, ಡಯೋನಿ ಅಲ್ಲಾಡುವುದೇ ಇಲ್ಲ ಅನ್ನಬಹುದು.

ಮಾಳಿಗೆಮನೆ:
ಹಾಳೆಯ ಮೇಲೆ ತ್ರಿಭುಜ ಬರೆದು ತೋರಿಸಿದೆ, ಒಪ್ಪಿದಳು. ಈಗ ಹೊಸ ಪ್ರಶ್ನೆ: ಮುಂದೆ ಒಬ್ಬಳಿದ್ದಾಳೆ, ಹಿಂದೆ ಯಾರೂ ಇಲ್ವಾ?

ದೂರದರ್ಶಕ:
ಇದೆ ಅನ್ನಿ. ಪಾಲಿಡ್ಯೂಸಸ್, ಬರೀ 3 ಕಿ.ಮೀ. ಕಲ್ಲು. 2004ರಲ್ಲಿ ಕ್ಯಾಸಿನಿ ನೌಕೆಯ ಚಿತ್ರಗಳಲ್ಲಿ ಸಿಕ್ಕಿತು. ಅದು 60 ಡಿಗ್ರಿಯಲ್ಲಿ ಸುಮ್ನೆ ಕೂರುವ ಜಾತಿಯಲ್ಲ, ಹಿಂದೆ ಮುಂದೆ ತುಂಬಾ ಅಲೆಯುತ್ತದೆ.