ಪರಿವರ್ತಿಸಿದ ಗೇಮ್ ಸಂಗೀತ ತಪ್ಪು ವೇಗದಲ್ಲಿ ನುಡಿಯುತ್ತಿದೆ: ಸರಿಪಡಿಸುವುದು ಹೇಗೆ?

ಪ್ರಶ್ನೆ (ತುಮಕೂರು)

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನಲ್ಲಿ ಮಕ್ಕಳಿಗೆ ಕೀಬೋರ್ಡ್ ಪಾಠ ಹೇಳುತ್ತೇನೆ. ಹಳೆಯ ವಿಡಿಯೋ ಗೇಮ್‌ಗಳ ಸಂಗೀತದಲ್ಲಿ ರಾಗದ ಎಳೆ ಸ್ಪಷ್ಟವಾಗಿರುವುದರಿಂದ ಮಕ್ಕಳು ಅದನ್ನು ಕೇಳಿಯೇ ಬಾರಿಸಲು ಕಲಿಯುತ್ತಾರೆ. ಆದ್ದರಿಂದ ಅವುಗಳನ್ನು ಪಾಠಕ್ಕೆ ಸಿದ್ಧಪಡಿಸುತ್ತಿದ್ದೇನೆ. ಆದರೆ ಪರಿವರ್ತಿಸಿದ ಕಡತಗಳಲ್ಲಿ ಮೂರು ಬಗೆಯ ತೊಂದರೆ ಕಾಣುತ್ತಿದೆ. ಪ್ಲೇಸ್ಟೇಷನ್ ಗೇಮ್ ಸಿಡಿಯಿಂದ ತೆಗೆದು ವೇವ್ ಎಂಬ ಸಾಮಾನ್ಯ ಧ್ವನಿ ಕಡತದ ರೂಪಕ್ಕೆ ತಂದ ಹಾಡುಗಳು ಓಡುತ್ತವೆ, ಶ್ರುತಿಯೂ ಏರಿರುತ್ತದೆ, ಏರಿದ ಶ್ರುತಿ ಕೀಬೋರ್ಡಿನ ಯಾವ ಮನೆಗೂ ಸರಿಯಾಗಿ ಕೂಡುವುದಿಲ್ಲ. ಸೆಗಾ ಕಂಪನಿಯ ಗೇಮ್ ಯಂತ್ರವಾದ ಮೆಗಾ ಡ್ರೈವ್‌ನ ವಿಜಿಎಂ ಎಂಬ ಸಂಗೀತ ಕಡತಗಳಲ್ಲಿ ಶ್ರುತಿ ಸರಿಯಾಗಿದ್ದು ನಡೆ ಮಾತ್ರ ನಿಧಾನವಾಗಿದೆ. ಇನ್ನು ನಿಂಟೆಂಡೊದ 8 ಬಿಟ್ ಯಂತ್ರದ ಗೇಮ್‌ಗಳ ಎನ್‌ಎಸ್‌ಎಫ್ ಎಂಬ ಸಂಗೀತ ಕಡತಗಳು, ಹಿಂದೆ ಟಿವಿಗೆ ಜೋಡಿಸಿ ಕ್ಯಾಸೆಟ್ ಹಾಕಿ ಆಡುವಾಗ ಕೇಳಿದ್ದಕ್ಕಿಂತ ಚುರುಕಾಗಿವೆ. ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ಟೆಂಪೋ (ನಡೆಯ ವೇಗ) ಬದಲಿಸಿದರೆ ಡ್ರಮ್ಮಿನ ಪೆಟ್ಟುಗಳು ಮಸುಕಾಗುತ್ತವೆ. ಕಿವಿಯ ಅಂದಾಜಿಗೆ ಬಿಡದೆ ಲೆಕ್ಕದಿಂದಲೇ ಸರಿಪಡಿಸುವ ದಾರಿ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ (ಚಿಂತಾಮಣಿ)

ಮೇಷ್ಟ್ರೇ, ರೋಗಲಕ್ಷಣವನ್ನು ನೀವೇ ಸರಿಯಾಗಿ ವಿಂಗಡಿಸಿದ್ದೀರಿ. ವೇಗವೂ ಶ್ರುತಿಯೂ ಒಂದೇ ಪ್ರಮಾಣದಲ್ಲಿ ಏರಿದ್ದರೆ ಸ್ಯಾಂಪಲ್ ದರ (ಒಂದು ಸೆಕೆಂಡಿನ ಧ್ವನಿಯಲ್ಲಿ ಎಷ್ಟು ಅಳತೆಗಳಿವೆ ಎಂಬ ಸಂಖ್ಯೆ) ತಪ್ಪಿದೆ. ಶ್ರುತಿ ನಿಂತಲ್ಲೇ ನಿಂತು ವೇಗ ಮಾತ್ರ ಬದಲಾಗಿದ್ದರೆ ಕಾಲದ ಎಣಿಕೆ ತಪ್ಪಿದೆ. ಈ ಎರಡಕ್ಕೂ ಮದ್ದು ಬೇರೆ ಬೇರೆ.

ಪ್ಲೇಸ್ಟೇಷನ್ ಸಿಡಿಯಲ್ಲಿ ಎಕ್ಸ್‌ಎ ಎಂಬ ಸಂಕುಚಿತ ಧ್ವನಿ ರೂಪದಲ್ಲಿರುವ ಸಂಗೀತದ ಸ್ಯಾಂಪಲ್ ದರ ಸೆಕೆಂಡಿಗೆ 37800 ಅಥವಾ 18900. ಪರಿವರ್ತಕವು ಅದನ್ನು ಗಮನಿಸದೆ ವೇವ್ ಕಡತದ ತಲೆಬರಹದಲ್ಲಿ 44100 ಎಂದು ಬರೆದುಬಿಟ್ಟರೆ, 3 ನಿಮಿಷದ ಹಾಡು ಸುಮಾರು 2 ನಿಮಿಷ 34 ಸೆಕೆಂಡಿಗೆ ಮುಗಿಯುತ್ತದೆ ಮತ್ತು ಶ್ರುತಿ ಸುಮಾರು 2.67 ಸ್ವರಸ್ಥಾನಗಳಷ್ಟು ಏರುತ್ತದೆ. ಎರಡೂ ಅಲ್ಲದ, ಮೂರೂ ಅಲ್ಲದ ಈ ಏರಿಕೆಯಿಂದಲೇ ಅದು ನಿಮ್ಮ ಕೀಬೋರ್ಡಿನ ಮನೆಗಳ ನಡುವೆ ಸಿಕ್ಕಿಕೊಂಡಿದೆ.

ಇಲ್ಲಿ ಸ್ಯಾಂಪಲ್‌ಗಳಿಗೆ ಯಾವ ಹಾನಿಯೂ ಆಗಿಲ್ಲ, ಅವುಗಳ ಮೇಲಿನ ಚೀಟಿ ಮಾತ್ರ ತಪ್ಪಾಗಿದೆ. ಆದ್ದರಿಂದ ಟೆಂಪೋ ಬದಲಿಸುವ ಸಾಧನವನ್ನು ಮುಟ್ಟಬೇಡಿ. ಅದು ಧ್ವನಿಯನ್ನು ತುಂಡು ಮಾಡಿ ಹೊಂದಿಸುವುದರಿಂದಲೇ ಪೆಟ್ಟುಗಳು ಮಸುಕಾಗುತ್ತವೆ. ಆಡಾಸಿಟಿಯಲ್ಲಿ ಟ್ರ್ಯಾಕಿನ ಹೆಸರಿನ ಬಳಿಯ ಮೆನುವಿನಲ್ಲಿರುವ ರೇಟ್ ಎಂಬಲ್ಲಿ 37800 ಎಂದು ಕೊಟ್ಟು, ಕೇಳಿ ನೋಡಿ, ಅನಂತರ 44100ಕ್ಕೆ ಎಕ್ಸ್‌ಪೋರ್ಟ್ ಮಾಡಿ. ಎಫ್‌ಎಫ್‌ಎಂಪೆಗ್ ಎಂಬ ಪರಿವರ್ತನೆಯ ತಂತ್ರಾಂಶ ಬಳಸುವವರಿಗೆ ಇದೇ ಕೆಲಸವನ್ನು ಎಸೆಟ್‌ರೇಟ್ ಫಿಲ್ಟರ್ ಮಾಡಿಕೊಡುತ್ತದೆ. ಎಟೆಂಪೋ ಫಿಲ್ಟರ್ ವೇಗವನ್ನು ಮಾತ್ರ ಬದಲಿಸುವುದರಿಂದ ಇಲ್ಲಿಗೆ ಅದು ಸಲ್ಲದು.

ಸಿಡಿ ಕೈಯಲ್ಲೇ ಇದ್ದರೆ ಮತ್ತೊಮ್ಮೆ ತೆಗೆಯುವುದೇ ಉತ್ತಮ. ಎಕ್ಸ್‌ಎ ಸೆಕ್ಟರಿನ (ಸಿಡಿಯಲ್ಲಿ ದತ್ತಾಂಶವನ್ನು ಇಡುವ ಒಂದು ತುಂಡಿನ) ಉಪತಲೆಬರಹದಲ್ಲಿ ಸ್ಯಾಂಪಲ್ ದರ ದಾಖಲಾಗಿರುತ್ತದೆ. ಸಾಮಾನ್ಯ ದತ್ತಾಂಶದಂತೆ ಸೆಕ್ಟರಿಗೆ 2048 ಬೈಟ್ ಮಾತ್ರ ನಕಲಿಸಿದರೆ ಆ ಮಾಹಿತಿಯ ಜೊತೆಗೆ ಧ್ವನಿಯ ಒಂದು ಭಾಗವೂ ಕಳೆದುಹೋಗುತ್ತದೆ. 2352 ಬೈಟ್‌ನ ಪೂರ್ಣ ಸೆಕ್ಟರ್ ತೆಗೆದು ವಿಜಿಎಂಸ್ಟ್ರೀಮ್ ಎಂಬ ಗೇಮ್ ಧ್ವನಿಯ ಪರಿವರ್ತಕಕ್ಕೆ ಕೊಟ್ಟರೆ ಅದು ದರವನ್ನು ತಾನೇ ಓದಿಕೊಳ್ಳುತ್ತದೆ.

ಉತ್ತರ (ಬಂಗಾರಪೇಟೆ)

ವಿಜಿಎಂ ಮತ್ತು ಎನ್‌ಎಸ್‌ಎಫ್ ಬಗ್ಗೆ ನಾನು ಹೇಳುತ್ತೇನೆ. ವಿಜಿಎಂ ಕಡತದಲ್ಲಿರುವುದು ಧ್ವನಿಯಲ್ಲ; ಧ್ವನಿ ಚಿಪ್‌ಗೆ ಕೊಡುವ ಆಜ್ಞೆಗಳು ಮತ್ತು ಅವುಗಳ ನಡುವೆ ಎಷ್ಟು ಕಾಯಬೇಕೆಂಬ ಸೂಚನೆಗಳು. ಹೆಕ್ಸ್ (16ರ ಮೂಲದ ಎಣಿಕೆ) 62 ಎಂಬ ಆಜ್ಞೆ 735 ಸ್ಯಾಂಪಲ್ ಕಾಲ, ಎಂದರೆ ಸೆಕೆಂಡಿನ 60ನೇ ಒಂದು ಭಾಗ ಕಾಯಿಸುತ್ತದೆ. ಹೆಕ್ಸ್ 63 ಎಂಬುದು 882 ಸ್ಯಾಂಪಲ್, ಎಂದರೆ 50ನೇ ಒಂದು ಭಾಗ. 60ರ ಲೆಕ್ಕದ ಸಂಗೀತ 50ರ ಲೆಕ್ಕದಲ್ಲಿ ದಾಖಲಾದರೆ ನಡೆ ಆರರಲ್ಲಿ ಐದು ಪಾಲಿಗೆ ಇಳಿಯುತ್ತದೆ. ಶ್ರುತಿಯನ್ನು ನಿರ್ಧರಿಸುವುದು ತಲೆಬರಹದಲ್ಲಿ ಬರೆದಿರುವ ಚಿಪ್‌ನ ಗಡಿಯಾರದ ವೇಗವಾದ್ದರಿಂದ ಅದು ಅಲುಗುವುದಿಲ್ಲ. ಮೊದಲು ನಿಮ್ಮ ಪ್ಲೇಯರಿನ ಸೆಟ್ಟಿಂಗ್ಸ್‌ನಲ್ಲಿ ಪ್ಲೇಬ್ಯಾಕ್ ರೇಟ್ 50 ಎಂದು ಇದೆಯೇ ನೋಡಿ. ಅಲ್ಲಿ ಸರಿಯಿದ್ದರೆ ಕಡತದಲ್ಲೇ ದೋಷವಿದೆ ಎಂದರ್ಥ. ಆಗ ಗೇಮನ್ನು ಎಮ್ಯುಲೇಟರಿನಲ್ಲಿ (ಗೇಮ್ ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶದಲ್ಲಿ) 60 ಹರ್ಟ್ಜ್ ಪ್ರದೇಶಕ್ಕೆ ಹೊಂದಿಸಿ ಹೊಸದಾಗಿ ದಾಖಲಿಸಿಕೊಳ್ಳಿ.

ಎನ್‌ಎಸ್‌ಎಫ್ ವಿಷಯದಲ್ಲಿ ನಿಮ್ಮ ನೆನಪೂ ಸರಿ, ಕಡತವೂ ಸರಿ. ಜಪಾನ್ ಮತ್ತು ಅಮೆರಿಕದ ಯಂತ್ರಗಳು ಪರದೆಯನ್ನು ಸೆಕೆಂಡಿಗೆ ಸುಮಾರು 60 ಬಾರಿ ಬರೆಯುತ್ತಿದ್ದವು, ಸಂಗೀತದ ನಡೆಯೂ ಸಾಮಾನ್ಯವಾಗಿ ಆ ಎಣಿಕೆಗೇ ಕಟ್ಟಿಕೊಂಡಿರುತ್ತಿತ್ತು. ಆಗ ನಮ್ಮ ದೇಶದ ಟಿವಿ ಪದ್ಧತಿ ಪಾಲ್, ಅದು 50 ಹರ್ಟ್ಜ್, ಎಂದರೆ ಸೆಕೆಂಡಿಗೆ 50 ಬಾರಿಯದಾಗಿತ್ತು; ಆದ್ದರಿಂದ ಅದಕ್ಕೆ ಹೊಂದಿಸಿದ ಯಂತ್ರಗಳಲ್ಲಿ ನಡೆ ನಿಧಾನವಾಗುತ್ತಿತ್ತು. ಯುರೋಪಿನ ಮೂಲ ಯಂತ್ರದಲ್ಲಿ ಪ್ರೊಸೆಸರಿನ ಗಡಿಯಾರವೂ 1.79ರಿಂದ 1.66 ಮೆಗಾಹರ್ಟ್ಜ್‌ಗೆ ಇಳಿದಿದ್ದರಿಂದ, ಗೇಮನ್ನು ತಿದ್ದದೆ ಹಾಕಿದರೆ ಶ್ರುತಿ ಒಂದೂಕಾಲು ಸ್ವರಸ್ಥಾನದಷ್ಟು ತಗ್ಗುತ್ತದೆ. ಪಾಲ್ ಟಿವಿಗಾಗಿ ತಯಾರಾದ ನಕಲು ಯಂತ್ರಗಳಲ್ಲಿ ಡೆಂಡಿ (ರಷ್ಯಾದಲ್ಲಿ ಮಾರಾಟವಾದ ಒಂದು ನಕಲು ಯಂತ್ರ) ಬಗೆಯವುಗಳ ಗಡಿಯಾರ 1.77 ಮೆಗಾಹರ್ಟ್ಜ್, ಅಂಥವುಗಳಲ್ಲಿ ನಡೆ ನಿಧಾನವಾದರೂ ಶ್ರುತಿ ಬಹುಮಟ್ಟಿಗೆ ಮೂಲದಂತೆಯೇ ಉಳಿಯುತ್ತದೆ. ನೀವು ಆಡುತ್ತಿದ್ದ ಕ್ಯಾಸೆಟ್ ಯಂತ್ರ ಈ ಜಾತಿಯದಿರಬಹುದೆಂದು ನನ್ನ ಅಭಿಪ್ರಾಯ.

ಎನ್‌ಎಸ್‌ಎಫ್ ತಲೆಬರಹದಲ್ಲಿ ಎರಡು ಕಾಲಾವಧಿಗಳು ಮೈಕ್ರೋಸೆಕೆಂಡಿನಲ್ಲಿ ಇರುತ್ತವೆ: 60ಕ್ಕೆ ಸಾಮಾನ್ಯವಾಗಿ 16666 ಅಥವಾ 16639, 50ಕ್ಕೆ 20000. ಹೆಕ್ಸ್ 7ಎ ಸ್ಥಾನದ ಬೈಟ್ ಯಾವ ಪದ್ಧತಿ ಎಂದು ಹೇಳುತ್ತದೆ. ಪಾಠಕ್ಕೆ 60ರದ್ದನ್ನೇ ಬಳಸಿ, ಸಂಗೀತ ರಚಿಸಿದವರು ಕೇಳಿದ್ದು ಅದನ್ನೇ. ನಿಮ್ಮ ಕಾಲದ ನಡೆಯೇ ಬೇಕೆನಿಸಿದರೆ ಹೆಕ್ಸ್ 6ಇ ಸ್ಥಾನದ 16666ರ ಜಾಗದಲ್ಲಿ 20000 ಬರೆದ ಒಂದು ಪ್ರತಿಯನ್ನು ಬೇರೆಯಾಗಿ ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು (ತುಮಕೂರು)

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. 37800 ಕೊಟ್ಟ ಕೂಡಲೇ ಹಾಡು ಕೀಬೋರ್ಡಿನ ಶ್ರುತಿಗೆ ಕೂಡಿತು, ಡ್ರಮ್ಮಿನ ಪೆಟ್ಟುಗಳೂ ಸ್ಪಷ್ಟವಾಗಿವೆ. ವಿಜಿಎಂ ತೊಂದರೆ ಪ್ಲೇಯರಿನ ಸೆಟ್ಟಿಂಗ್ಸ್‌ನಲ್ಲೇ ಇತ್ತು. ಒಂದು ಸಂದೇಹ ಉಳಿದಿದೆ: ಸ್ವರಲಿಪಿಗಾಗಿ ಮಿಡಿ ಕಡತವಾಗಿ (ಧ್ವನಿಯ ಬದಲು ಸ್ವರಗಳ ಸೂಚನೆಗಳನ್ನು ಇಡುವ ಕಡತ) ಪರಿವರ್ತಿಸಿದಾಗ ಎಲ್ಲ ಹಾಡುಗಳೂ ನಿಮಿಷಕ್ಕೆ 120 ಬೀಟ್ ಎಂದೇ ತೋರುತ್ತವೆ.

ಉತ್ತರ (ಬಂಗಾರಪೇಟೆ)

ಟೆಂಪೋ ಸೂಚನೆ ಇಲ್ಲದ ಮಿಡಿ ಕಡತವನ್ನು ಎಲ್ಲ ಪ್ಲೇಯರ್‌ಗಳೂ 120 ಎಂದೇ ಓದಬೇಕೆಂಬುದು ನಿಯಮ. ನಿಜವಾದ ನಡೆಯನ್ನು ಗೇಮಿನಿಂದಲೇ ಲೆಕ್ಕ ಹಾಕಬಹುದು. ಹಳೆಯ ಗೇಮ್‌ಗಳಲ್ಲಿ ಸ್ವರದ ಉದ್ದವನ್ನು ಸಾಮಾನ್ಯವಾಗಿ ಫ್ರೇಮ್‌ಗಳಲ್ಲಿ (ಪರದೆಯನ್ನು ಒಮ್ಮೆ ಬರೆಯುವ ಕಾಲ) ಎಣಿಸುವುದರಿಂದ, ಒಂದು ಬೀಟ್‌ಗೆ 24 ಫ್ರೇಮ್ ಆಗುತ್ತಿದ್ದರೆ 60 ಹರ್ಟ್ಜ್‌ನಲ್ಲಿ ನಿಮಿಷಕ್ಕಾಗುವ 3600 ಫ್ರೇಮ್‌ಗಳನ್ನು 24ರಿಂದ ಭಾಗಿಸಿ, 150 ಬರುತ್ತದೆ. 50 ಹರ್ಟ್ಜ್‌ನಲ್ಲಿ ಅದೇ ಹಾಡು 125. ಮಿಡಿ ಸಂಪಾದಕದಲ್ಲಿ ಟೆಂಪೋ 150 ಎಂದು ಕೊಟ್ಟರೆ ಕಡತದೊಳಗೆ ಒಂದು ಬೀಟ್‌ಗೆ 400000 ಮೈಕ್ರೋಸೆಕೆಂಡ್ ಎಂದು ದಾಖಲಾಗುತ್ತದೆ. ಆಮೇಲೂ ಸ್ವರಲಿಪಿಯಲ್ಲಿ ಬೀಟ್‌ಗಳು ಗೆರೆಗಳಿಗೆ ಹೊಂದದಿದ್ದರೆ, ಬೀಟ್ ಒಂದಕ್ಕೆ ಎಷ್ಟು ಟಿಕ್ (ಮಿಡಿಯ ಅತಿ ಚಿಕ್ಕ ಕಾಲಮಾನ) ಎಂಬ ತಲೆಬರಹದ ಸಂಖ್ಯೆಯನ್ನು ಪರಿವರ್ತಕ ತಪ್ಪಾಗಿ ಬರೆದಿದೆ. ಅಂಥ ಒಂದು ಕಡತವನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.